ರೊಟ್ಟಿ ಬುಟ್ಟಿಗೆ ಬಿದಿರು ಬೇಕು

ಜೋಳದ ರೊಟ್ಟಿ ಬೆವರುತ್ತದೆ. ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಟ್ಟಿ, ಮುಚ್ಚಳ ಬಿಗಿದು, ಅರ್ಧ ತಾಸು ಬಿಟ್ಟು ತೆರೆದು ನೋಡಿ. ಮುಚ್ಚಳದ ಒಳಮೈ ತುಂಬ ನೀರಹನಿ, ತಳದ ರೊಟ್ಟಿಗಳು ಒದ್ದೆ, ಎತ್ತಲು ಹೋದರೆ ಅಂಚು ಹರಿದು ಕೈಗೆ ಬರುತ್ತದೆ. ಅದೇ ರೊಟ್ಟಿಗಳನ್ನು ಬಿದಿರಿನ ಬುಟ್ಟಿಯಲ್ಲಿ ಬಿಳಿ ಅರಿವೆ ಹಾಸಿ ಇಟ್ಟರೆ ಉಗಿಯೆಲ್ಲ ಹೆಣಿಗೆಯ ಸಂದಿನಿಂದ ಹೊರಗೆ ಹೋಗುತ್ತದೆ. ರೊಟ್ಟಿ ಮೆತ್ತಗೇ ಇರುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಖಡಕ್ ರೊಟ್ಟಿಯಂತೂ ಗಾಳಿಯಾಡುವ ಬುಟ್ಟಿಯಲ್ಲಿ ವಾರಗಟ್ಟಲೆ ಬೂಸು ಹಿಡಿಯದೆ ಉಳಿಯುತ್ತದೆ.

ಹುಬ್ಬಳ್ಳಿಯ ಹಳೆಯ ಪೇಟೆಯ ಓಣಿಯೊಂದರಲ್ಲಿ ನಾನು ಖಾನಾವಳಿ ನಡೆಸುತ್ತೇನೆ. ನಮ್ಮ ಅತ್ತೆಯವರು ಶುರುಮಾಡಿದ್ದು, ಅವರ ನಂತರ ನನ್ನ ಹೆಗಲಿಗೆ ಬಂತು. ನಸುಕಿನಲ್ಲಿ ಒಲೆ ಹೊತ್ತಿದರೆ ಮಧ್ಯಾಹ್ನದ ಊಟ ಮುಗಿಯುವವರೆಗೂ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುವುದಿಲ್ಲ. ಬಡಿದ ರೊಟ್ಟಿ ಬೀಳುವುದು ಬುಟ್ಟಿಗೆ, ಪಂಕ್ತಿಗೆ ಹೋಗುವುದು ಬುಟ್ಟಿಯಲ್ಲೇ, ಮದುವೆ ಮನೆಗೆ ಕಳಿಸುವುದೂ ಬುಟ್ಟಿ ಕಟ್ಟಿಯೇ. ಹಾಗಾಗಿ ಬುಟ್ಟಿಯ ವಿಷಯವನ್ನು ನಾನು ಕರಕುಶಲ ಮೇಳಕ್ಕೆ ಬಂದವಳಾಗಿ ಮಾತಾಡುತ್ತಿಲ್ಲ. ನನ್ನ ಅಡುಗೆಮನೆಯ ಸಾಮಾನು ಪೇಟೆಯಲ್ಲಿ ಸಿಗದೆ ಹೋಗುತ್ತಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ರೊಟ್ಟಿ ಬುಟ್ಟಿ ಮೊಳದಷ್ಟು ಅಗಲ, ಗೇಣಿನಷ್ಟು ಆಳ. ತಳದಲ್ಲಿ ಅಗಲವಾದ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ನಡುವಿಗೆ ಬಿಗಿದಿರುತ್ತಾರೆ. ಆ ದಬ್ಬೆಗಳ ತುದಿಯನ್ನೇ ಸಣ್ಣಗೆ ಸೀಳಿ ಮೇಲಕ್ಕೆ ಬಾಗಿಸಿದರೆ ಅವು ಬುಟ್ಟಿಯ ನಿಲುಗಡ್ಡಿಗಳಾಗುತ್ತವೆ. ತೆಳು ಎಳೆಯೊಂದನ್ನು ಒಂದು ಕಡ್ಡಿಯ ಹಿಂದೆ, ಇನ್ನೊಂದರ ಮುಂದೆ ಹಾಯಿಸುತ್ತ ಸುತ್ತು ಹಾಕುತ್ತಾರೆ. ಹೀಗೆ ಒಂದೇ ಎಳೆಯಲ್ಲಿ ಹೆಣೆಯುವಾಗ ನಿಲುಗಡ್ಡಿಗಳ ಲೆಕ್ಕ ಬೆಸವಾಗಿರಬೇಕು. ಸಮ ಬಂದರೆ ಎರಡನೆಯ ಸುತ್ತೂ ಮೊದಲ ಸುತ್ತಿನ ಜಾಡಿನಲ್ಲೇ ಬಿದ್ದು ಹೆಣಿಗೆ ಹಿಡಿತಕ್ಕೆ ಬರುವುದಿಲ್ಲ. ಬೆಸ ಇದ್ದರೆ ಮೊದಲ ಸುತ್ತಿನಲ್ಲಿ ಹೊರಗೆ ಹಾಯ್ದ ಕಡ್ಡಿಗೆ ಮುಂದಿನ ಸುತ್ತಿನಲ್ಲಿ ಎಳೆ ಒಳಗಿನಿಂದ ಬರುತ್ತದೆ, ಒಂದು ಇನ್ನೊಂದನ್ನು ಬಿಗಿಹಿಡಿಯುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳೊಬ್ಬಳು ಎಣಿಸಿದಂತೆಯೇ ಕಾಣದ ಹಾಗೆ, ಪಕ್ಕದವಳ ಜೊತೆ ಮಾತಾಡುತ್ತಲೇ ಆ ಲೆಕ್ಕ ಇಡುವುದನ್ನು ನಾನು ಕೂತು ನೋಡಿದ್ದೇನೆ. ಕೊನೆಗೆ ಕಂಠ. ಬುಟ್ಟಿಯ ಆಯುಷ್ಯ ಇರುವುದೇ ಕಂಠದಲ್ಲಿ. ಕೊಳ್ಳುವಾಗ ಕಂಠವನ್ನು ಎರಡೂ ಕೈಯಿಂದ ಹಿಡಿದು ಒತ್ತಿ ನೋಡಬೇಕು. ಕಿರ್ರೆಂದು ಸದ್ದು ಬಂದು ಆಕಾರ ಬಿಟ್ಟಿತೋ, ಆ ಬುಟ್ಟಿ ಮಳೆಗಾಲ ದಾಟುವುದಿಲ್ಲ. ಬಿದಿರಿನ ಹಸಿರು ಮೇಲ್ಮೈಯಿಂದ ಸೀಳಿದ ಎಳೆ ಗಟ್ಟಿ. ಒಳಗಿನ ಬಿಳಿ ತಿರುಳಿನ ಎಳೆ ಮೆದು, ಅದಕ್ಕೆ ನುಸಿಯೂ ಬೇಗ ಹತ್ತುತ್ತದೆ. ಒಳ್ಳೆಯ ಬುಟ್ಟಿಯಲ್ಲಿ ಕಂಠಕ್ಕೂ ತಳಕ್ಕೂ ಹಸಿರು ಮೈಯ ಎಳೆಯೇ ಇರುತ್ತದೆ.

ಇನ್ನು ಮೊರ. ನಮ್ಮ ಕಡೆ ಮಾತಿನಲ್ಲಿ ‘ಮರಾ’ ಅನ್ನುತ್ತೇವೆ. ಹಿಂದೆ ಎತ್ತರದ ಅಂಚು, ಮುಂದೆ ಬಯಲು. ಜೋಳವನ್ನು ಮೊರದಲ್ಲಿ ಹಾರಿಸಿ ಹಿಡಿದಾಗ ಹೊಟ್ಟು, ಜಳ್ಳು ಮುಂದಿನ ಅಂಚಿಗೆ ಬಂದು ಗಾಳಿಗೆ ಹೋಗುತ್ತವೆ, ತೂಕದ ಕಾಳು ಹಿಂದಕ್ಕೆ ಸರಿಯುತ್ತದೆ. ಹೆಣಿಗೆಯ ಸಣ್ಣ ಸಣ್ಣ ಏರುತಗ್ಗುಗಳು ಕಾಳನ್ನು ಅಷ್ಟಷ್ಟೇ ತಡೆದು ಬಿಡುವುದರಿಂದ ಇದು ಸಾಧ್ಯ. ನುಣುಪಾದ ಪ್ಲಾಸ್ಟಿಕ್ ಮೊರದಲ್ಲಿ ಕಾಳು, ಕಲ್ಲು, ಕಸ ಎಲ್ಲ ಒಟ್ಟೊಟ್ಟಿಗೇ ಜಾರುತ್ತವೆ. ನಮ್ಮಲ್ಲಿ ಜೋಳ ಹಸನು ಮಾಡುವ ಹೆಂಗಸರ ಕೈಗೆ ಪ್ಲಾಸ್ಟಿಕ್ ಮೊರ ಕೊಟ್ಟರೆ ಅವರು ಅದನ್ನು ಸೊಪ್ಪು ಸೋಸಲು ಇಟ್ಟುಕೊಳ್ಳುತ್ತಾರೆ, ಕಾಳಿಗೆ ಹಳೆಯದನ್ನೇ ಹುಡುಕುತ್ತಾರೆ. ಹೊಸ ಮೊರ ತಂದರೆ ಹಾಗೆಯೇ ಬಳಸುವುದಿಲ್ಲ. ಸಗಣಿ ಸಾರಿಸಿ ಇಲ್ಲವೇ ನೆನೆಸಿದ ಕಾಗದ, ಮೆಂತ್ಯ ಕೂಡಿಸಿ ರುಬ್ಬಿ ಬಳಿದು, ಬಿಸಿಲಿಗೆ ಒಣಗಿಸುತ್ತಾರೆ. ಸಂದುಗಳು ಮುಚ್ಚುತ್ತವೆ, ಹಿಟ್ಟು ಸೋರುವುದಿಲ್ಲ, ಹುಳು ದೂರ ಇರುತ್ತದೆ.

ನನ್ನ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಬ್ಬಳ್ಳಿ-ಧಾರವಾಡ ಇರುವ ಜಾಗವೇ ಬುಟ್ಟಿಗೆ ಹೇಳಿಮಾಡಿಸಿದ್ದು. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿ: ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ. ಅಲ್ಲಿ ಬಿದಿರು ಹುಡುಕಿದರೂ ಸಿಗದು. ಪಡುವಣಕ್ಕೆ ಕಲಘಟಗಿ, ಅಳ್ನಾವರ ದಾಟಿ ಹಳಿಯಾಳ, ದಾಂಡೇಲಿಯತ್ತ ಹೋದರೆ ಬಿದಿರಿನ ಮೆಳೆ. ಎರೆಯ ಕಾಳಿಗೆ ಮಲೆನಾಡ ಅಂಚಿನ ಬಿದಿರು ಬೇಕಿತ್ತು, ಎರಡೂ ಬಂದು ಸೇರುತ್ತಿದ್ದದ್ದು ನಮ್ಮ ಪೇಟೆಯಲ್ಲಿ. ನಡುವೆ ಕೂತು ಹೆಣೆದವರು ಮೇದಾರರು. ಹುಬ್ಬಳ್ಳಿಯಲ್ಲಿ ಮೇದಾರ ಓಣಿ ಎಂಬ ಹೆಸರು ಇಂದಿಗೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಬುಟ್ಟಿ, ಮೊರ ಹೆಣೆಯುವ ಕಾಯಕ ಮಾಡುತ್ತ ‘ಗವರೇಶ್ವರ’ ಅಂಕಿತದಲ್ಲಿ ವಚನ ಬರೆದ ಮೇದಾರ ಕೇತಯ್ಯನವರ ಹೆಸರನ್ನು ಬಸವ ಜಯಂತಿಯ ವೇದಿಕೆಗಳಲ್ಲಿ ತಪ್ಪದೆ ಹೇಳುತ್ತೇವೆ. ಅವರ ಕಾಯಕದವರು ಇಂದು ಬಿಸಿಲಲ್ಲಿ ರಸ್ತೆಯ ಅಂಚಿಗೆ ಕೂತಿರುವುದು ಮಾತ್ರ ಆ ವೇದಿಕೆಯಿಂದ ಕಾಣುವುದಿಲ್ಲ.

ಬುಟ್ಟಿ ಬರೀ ರೊಟ್ಟಿಗಲ್ಲ. ಹೊಲಕ್ಕೆ ತಿಪ್ಪೆಗೊಬ್ಬರ ಹೊರುವ ಹೆಡಗಿ, ಬಿತ್ತುವಾಗ ಬೀಜದ ಪುಟ್ಟಿ, ಕೋಳಿ ಮುಚ್ಚುವ ಬುಟ್ಟಿ, ಮಣ್ಣು-ಸಗಣಿ ಮೆತ್ತಿ ಕಾಳು ತುಂಬುತ್ತಿದ್ದ ಆಳೆತ್ತರದ ಕಣಜ, ಮನೆಯ ಮುಂದೆ ಬಿಸಿಲಿಗೆ ಕಟ್ಟುವ ತಟ್ಟಿ, ಕೂಸಿನ ತೊಟ್ಟಿಲು. ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೊರಟ ಹೆಂಗಸಿನ ತಲೆಯ ಮೇಲೆ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಕಡಬು ತುಂಬಿ ಬಿಳಿ ಅರಿವೆ ಮುಚ್ಚಿದ ಬುಟ್ಟಿ ಇರದೆ ಹೋದರೆ ಆ ಹಬ್ಬ ಹಬ್ಬವಲ್ಲ. ಸವದತ್ತಿಯ ಯಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಪಡ್ಡಲಗಿ ತುಂಬಿಸುವ ಶಾಸ್ತ್ರವಿದೆ. ಆ ಪಡ್ಡಲಗಿಯೂ ಬಿದಿರಿನದೇ, ಅದು ಸ್ಟೀಲಿನದಾಗಿ ಬಂದದ್ದನ್ನು ನಾನು ಕಂಡಿಲ್ಲ. ಧಾರವಾಡದ ಪೇರಲ ಹಣ್ಣು ಮಾರುವ ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ ಬುಟ್ಟಿ ಹಿಡಿದು ಓಡಾಡುವುದನ್ನು ಕಾಣದವರು ಈ ಕಡೆ ಯಾರೂ ಇಲ್ಲ. ಧಾರವಾಡದ ಆಪೂಸು ಮಾವು ಹುಲ್ಲು ಹಾಸಿದ ಬುಟ್ಟಿಯಲ್ಲಿ ಪೇಟೆಗೆ ಬರುತ್ತಿತ್ತು. ಈಗ ಕ್ರೇಟುಗಳು ಬಂದಿವೆ. ಮನುಷ್ಯ ಹೋದಾಗ ಸಿದಿಗಿ ಕಟ್ಟಲು ಬಿದಿರು ಬೇಕು. ಎಷ್ಟೋ ಓಣಿಗಳಲ್ಲಿ ಅದಕ್ಕೂ ಕರೆ ಹೋಗುವುದು ಮೇದಾರರ ಮನೆಗೇ.

ಬಿದಿರೊಂದೇ ಅಲ್ಲ ಎಂಬುದನ್ನೂ ಹೇಳಬೇಕು. ತೊಗರಿ ಕಟಗಿ, ಲಕ್ಕಿ ಬರಲುಗಳಿಂದ ರೈತರೇ ಹೆಡಗಿ ಹೆಣೆದುಕೊಳ್ಳುತ್ತಿದ್ದರು. ಕೊರವರು ಈಚಲ ಗರಿಯಿಂದ ಕಸಬರಿಗೆ, ಚಾಪೆ, ಬುಟ್ಟಿ ಮಾಡುತ್ತಾರೆ. ಈ ಈಚಲ ಗರಿಯ ಕೆಲಸದ ನೆಂಟಸ್ತನ ಎಲ್ಲಿಯವರೆಗೆ ಹಬ್ಬಿದೆ ಎಂದು ನನಗೆ ತಿಳಿದದ್ದು ಮಗಳ ಮನೆಗೆ ಹೋದಾಗ. ಅಳಿಯನ ನೌಕರಿ ದುಬೈನಲ್ಲಿ. ಅಲ್ಲಿ ಖಾರಿಯ ದಂಡೆಯ ಶಿಂದಗಾ ಎಂಬ ಹಳೆಯ ಭಾಗಕ್ಕೆ ಕರೆದುಕೊಂಡು ಹೋದರು. ಕಪ್ಪು ಉಡುಪಿನ ಹಿರಿಯ ಹೆಂಗಸೊಬ್ಬರು ಖರ್ಜೂರದ ಗರಿಗಳನ್ನು ನೀರಲ್ಲಿ ನೆನೆಸಿಟ್ಟುಕೊಂಡು, ಜಡೆ ಹೆಣೆದ ಹಾಗೆ ಉದ್ದನೆಯ ಪಟ್ಟಿ ಹೆಣೆಯುತ್ತಿದ್ದರು. ಆ ಪಟ್ಟಿಯನ್ನು ಸುತ್ತಿ ಸುತ್ತಿ ಅಂಚಿಗೆ ಅಂಚು ಹೊಲಿದರೆ ಬುಟ್ಟಿ, ಅಗಲಕ್ಕೆ ಹೊಲಿದರೆ ಚಾಪೆ. ಖೂಸ್ ಎಂದು ಅದಕ್ಕೆ ಹೆಸರು. ನಮ್ಮ ಕಾಡು ಈಚಲೂ ಅವರ ಖರ್ಜೂರವೂ ಒಂದೇ ಜಾತಿಯ ಒಡಹುಟ್ಟುಗಳು.

ಆ ಮರಳುನಾಡಿನ ಬೆಡೂಯಿನರು ಒಂಟೆಯ ಮೇಲೆ ಮನೆ ಹೇರಿಕೊಂಡು ನೀರು-ಮೇವಿನ ಹಿಂದೆ ಹೋಗುತ್ತಿದ್ದ ಜನ. ಮಣ್ಣಿನ ಗಡಿಗೆ ಭಾರ, ಒಂಟೆ ಕುಲುಕಿದರೆ ಒಡೆಯುತ್ತದೆ. ಆದ್ದರಿಂದ ನೀರಿಗೆ ಆಡಿನ ತೊಗಲಿನ ಚೀಲ, ಒಣ ಸಾಮಾನಿಗೆ ಬುಟ್ಟಿ. ಗುಡಾರ, ಕಂಬಳಿ, ಚೀಲಗಳ ಉಣ್ಣೆಯ ನೇಯ್ಗೆ ಅವರ ಹೆಂಗಸರದು. ಗರಿಯ ಕೆಲಸ ಖರ್ಜೂರದ ತೋಟಗಳಿರುವ ಓಯಸಿಸ್‌ಗಳದು. ಮರ ಹತ್ತಿ ಖರ್ಜೂರ ಕೀಳುವವನು ಜೊತೆಗೆ ಒಯ್ಯುವ ಬುಟ್ಟಿಗೆ ಮಖ್ರಾಫ ಎನ್ನುತ್ತಾರೆ. ಊಟದ ತಾಟು ಇಡಲು ನೆಲಕ್ಕೆ ಹಾಸುವ ದುಂಡನೆಯ ಚಾಪೆ ಸುರೂದ್. ಆಹಾರಕ್ಕೆ ನೊಣ, ಮರಳು ಬೀಳದಂತೆ ಕವುಚುವ ಗೋಪುರದಾಕಾರದ ಮುಚ್ಚಳ ಮಕಬ್ಬ. ಆ ಮುಚ್ಚಳವನ್ನು ಕೈಯಲ್ಲಿ ಹಿಡಿದಾಗ ನನಗೆ ನಮ್ಮ ರೊಟ್ಟಿಯ ಬಿಳಿ ಅರಿವೆ ನೆನಪಾಯಿತು. ಬಿಸಿಲಿನ ನಾಡಿನಲ್ಲಿ ಊಟ ಮುಚ್ಚಬೇಕು, ಆದರೆ ಉಸಿರುಗಟ್ಟಿಸಬಾರದು. ಅವರಿಗೂ ಅದೇ ಕಷ್ಟ, ನಮಗೂ ಅದೇ ಕಷ್ಟ.

ಅಲ್ಲಿಯ ಸರಕಾರಗಳು ಈ ಕಸುಬುಗಳನ್ನು ಗಂಭೀರವಾಗಿ ಹಿಡಿದಿವೆ. ಸಂಯುಕ್ತ ಅರಬ್ ಸಂಸ್ಥಾನದ ಸದು ಎಂಬ ಉಣ್ಣೆ ನೇಯ್ಗೆ 2011ರಲ್ಲಿ ಯುನೆಸ್ಕೋದ ತುರ್ತು ರಕ್ಷಣೆಯ ಪಟ್ಟಿಗೆ ಸೇರಿತು. ಖರ್ಜೂರದ ಮರಕ್ಕೆ ಸಂಬಂಧಿಸಿದ ತಿಳಿವಳಿಕೆ, ಕಸುಬು, ಆಚರಣೆಗಳನ್ನು ಅರಬ್ ದೇಶಗಳು ಒಟ್ಟಾಗಿ 2019ರಲ್ಲಿ ಪಟ್ಟಿಗೆ ಸೇರಿಸಿದವು. ನನಗೆ ಸಂತೋಷವೇ ಆಯಿತು. ಆದರೆ ಅಲ್ಲಿಯ ಈಗಿನ ಅಡುಗೆಮನೆಗಳಲ್ಲಿ ನಾನು ಸುರೂದ್ ಕಾಣಲಿಲ್ಲ. ಕಂಡದ್ದು ಶಿಂದಗಾದ ಪ್ರದರ್ಶನದ ಜಗಲಿಯಲ್ಲಿ, ಅಂಗಡಿಯ ಗೋಡೆಯ ಮೇಲೆ. ಎಣ್ಣೆಯ ಸಂಪತ್ತು ಬಂದು ಜನ ಗುಡಾರ ಬಿಟ್ಟು ಊರು ಸೇರಿದ ಮೇಲೆ ಬುಟ್ಟಿಯ ಅಗತ್ಯವೇ ಹೋಯಿತು. ನಮ್ಮಲ್ಲಿ ಹಾಗಾಗಿಲ್ಲ. ನಮ್ಮ ಊಟದಲ್ಲಿ ಇಂದಿಗೂ ರೊಟ್ಟಿ ಇದೆ, ರೊಟ್ಟಿಗೆ ಬುಟ್ಟಿ ಬೇಕು, ಹೆಣೆಯುವ ಕೈಯೂ ಇದೆ. ಬೇಡಿಕೆ ಸಾಯುವ ಮೊದಲೇ ಸರಕು ಸಾಯುತ್ತಿದೆ. ಇದು ನನಗೆ ನುಂಗಲಾಗದ ಸಂಗತಿ.

ನಾನು ಬಹಳ ವರ್ಷಗಳಿಂದ ಬುಟ್ಟಿ ಕೊಳ್ಳುವುದು ಪೇಟೆಯಲ್ಲಿ ರಸ್ತೆಯ ಪಕ್ಕ ಕೂರುವ ಒಬ್ಬ ಹಿರಿಯ ಮೇದಾರ ಹೆಣ್ಣುಮಗಳಿಂದ. ಅವರನ್ನು ನಾನು ಅವ್ವ ಎನ್ನುತ್ತೇನೆ. ಹೋದ ಸಲ ಮದುವೆ ಸುಗ್ಗಿಗೆ ಮುಂಚೆ ದೊಡ್ಡ ಬುಟ್ಟಿಗಳು ಬೇಕೆಂದು ಹೇಳಲು ಹೋದೆ. ಅವರ ಮುಂದೆ ಇದ್ದದ್ದು ನಾಲ್ಕು ಮೊರ, ಒಂದಷ್ಟು ಬೀಸಣಿಗೆ, ಪೂಜೆಯ ಸಣ್ಣ ಬುಟ್ಟಿ.

‘ದೊಡ್ಡು ಯಾಕಿಲ್ಲಬೇ ಅವ್ವ?’ ಅಂದೆ.

‘ಹೆಣಿಯಾಕ ಕೈ ಐತ್ರೀ ಅಕ್ಕಾರ, ಬಿದರ ಎಲ್ಲಿ ಐತಿ? ಒಂದ ಬೊಂಬಿಗಿ ಕೇಳಿದ ರೊಕ್ಕಾ ಕೊಟ್ಟು ತಂದು, ಅದರಾಗ ಅರ್ಧಾ ನುಸಿ ತಿಂದಿದ್ದು ಬಂದ್ರ, ನಿಮಗ ನಾ ಏನ ರೇಟ ಹೇಳಲಿ? ಸಣ್ಣುವು ಮಾಡಿದ್ರ ತುಂಡ ಬಿದರಿನಾಗೂ ಆಕ್ಕಾವು.’

ಅವರು ಹೇಳಿದ್ದನ್ನು ನಾನು ಬಹಳ ಹೊತ್ತು ಯೋಚಿಸಿದೆ. ಬುಟ್ಟಿ ಸಣ್ಣದಾಗುತ್ತ ಹೋಗಿರುವುದು ಜನರ ರುಚಿ ಬದಲಾಗಿ ಅಲ್ಲ, ಉದ್ದನೆಯ ಒಳ್ಳೆಯ ಬಿದಿರು ಸಿಗದೆ. ಹೆಣಿಗೆಗೆ ತೀರ ಬಲಿತ ಬಿದಿರು ಆಗುವುದಿಲ್ಲ, ಒಂದೆರಡು ವರ್ಷದ್ದು ಬೇಕು. ಗೆಣ್ಣುಗಳ ನಡುವೆ ಅಂತರ ಹೆಚ್ಚಿರಬೇಕು. ಮಳೆ ಮುಗಿದು ಬಿದಿರಿನ ಮೈಯ ಪಿಷ್ಟ ಇಳಿದ ಮೇಲೆ ಕಡಿದಿರಬೇಕು, ಇಲ್ಲದಿದ್ದರೆ ಆ ಪಿಷ್ಟಕ್ಕೇ ನುಸಿ ಬರುತ್ತದೆ. ಕಟ್ಟಡದ ಸಾರುವೆಗೆ ತಂದ ಬಿದಿರಲ್ಲಿ ಉಳಿದದ್ದನ್ನು ಆರಿಸಿ ಕೊಳ್ಳುವವರಿಗೆ ಇದ್ಯಾವುದನ್ನೂ ಕೇಳುವ ಅವಕಾಶವಿಲ್ಲ.

ಬಿದಿರು ಎಲ್ಲಿ ಹೋಯಿತು ಎಂಬುದಕ್ಕೆ ನಮ್ಮ ಜಿಲ್ಲೆಯ ಪಕ್ಕದಲ್ಲೇ ಉತ್ತರವಿದೆ. ದಾಂಡೇಲಿಯ ಕಾಗದ ಕಾರ್ಖಾನೆ 1950ರ ದಶಕದಲ್ಲಿ ಬಂತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕಾರ್ಖಾನೆಗೆ ಸರಕಾರ ಬಿದಿರು ಕೊಟ್ಟ ದರ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆ ಅದರ ಎಷ್ಟೋ ನೂರು ಪಟ್ಟು. 1970ರ ದಶಕದ ನಡುವೆ ಬುಟ್ಟಿ ಹೆಣೆಯುವವರು ‘ನಮ್ಮ ಬಿದಿರೆಲ್ಲ ಕಾಗದಕ್ಕೆ ಹೋಗುತ್ತಿದೆ’ ಎಂದು ದನಿಯೆತ್ತಿದ ಮೇಲೆಯೇ ರಾಜ್ಯ ಸರಕಾರ ಗಾಡ್ಗೀಳರಿಗೆ ಅಧ್ಯಯನ ಮಾಡಲು ಹೇಳಿತು. ಆಗ ಕಾಡಿನಲ್ಲಿ ಎಷ್ಟು ಬಿದಿರಿದೆ ಎಂದು ಕಾಗದಪತ್ರಗಳಲ್ಲಿ ಬರೆದಿತ್ತೋ, ನಿಜಕ್ಕೂ ಇದ್ದದ್ದು ಅದಕ್ಕಿಂತ ಬಹಳ ಕಡಿಮೆ ಎಂದು ಕಂಡಿತು.

ಆ ಅಧ್ಯಯನದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಮುಳ್ಳಿನ ಸಂಗತಿ. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟ ಹೆಣಿಗೆ ಇರುತ್ತದೆ. ಕಡಿಯಲು ಅಡ್ಡಿ ಎಂದು, ಮೆಳೆಗೂ ಒಳ್ಳೆಯದೆಂದು ಅದನ್ನು ಸವರಿ ತೆಗೆಸುತ್ತಿದ್ದರು. ಹಳ್ಳಿಯ ಜನ ಬೇರೆಯೇ ಹೇಳಿದರು: ಮಳೆಗಾಲದಲ್ಲಿ ಏಳುವ ಎಳೆಯ ಕಳಲೆಗೆ ಆ ಮುಳ್ಳೇ ಬೇಲಿ, ಅದು ಹೋದರೆ ದನ, ಕಾಡುಪ್ರಾಣಿ ಎಲ್ಲವೂ ಕಳಲೆಗೆ ಬಾಯಿ ಹಾಕುತ್ತವೆ. ಗಾಡ್ಗೀಳರು ಕಾಡಿನಲ್ಲಿ ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಮೆಳೆಯ ಬುಡದಲ್ಲಿ ಕತ್ತಿ ಹಿಡಿದು ಬೆಳೆದವರಿಗೆ ಗೊತ್ತಿದ್ದದ್ದನ್ನು ಯೋಜನೆ ಮಾಡುವವರು ಮೊದಲು ಕೇಳಿದ್ದರೆ ಎಷ್ಟು ಮೆಳೆಗಳು ಉಳಿಯುತ್ತಿದ್ದವೋ.

ಮುಂದೆ ಕಾರ್ಖಾನೆ ನೆಟ್ಟು ಬೆಳೆಸಿದ ಮರಗಳತ್ತ ತಿರುಗಿತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಈಗ ಅದರ ಹೆಸರು ಕಾಳಿ. ಹುಲಿ ಉಳಿಯಬೇಕು, ಕಾಡೂ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊದಲು ಕಾಗದಕ್ಕಾಗಿ ಬಾಗಿಲು ತೆರೆದು, ಆಮೇಲೆ ಹುಲಿಗಾಗಿ ಬಾಗಿಲು ಮುಚ್ಚಿದಾಗ, ಎರಡು ಸಲವೂ ಹೊರಗೆ ನಿಂತವರು ಮಚ್ಚು ಹಿಡಿದು ನಾಲ್ಕು ಬೊಂಬು ಕೇಳಿದವರೇ. ಅವರಿಗೆ ಬೇರೆ ದಾರಿ ಮಾಡಿಕೊಡುವುದು ನ್ಯಾಯ.

ದಾರಿ ಇದೆ. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿತ್ತು. ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲು. ಮರ ಎಂದು ಕರೆದದ್ದರಿಂದ ರೈತ ತನ್ನ ಹೊಲದ ಬದುವಿನಲ್ಲಿ ಬೆಳೆದದ್ದನ್ನು ಕಡಿದು ಸಾಗಿಸಲೂ ಅನುಮತಿಗೆ ಅಲೆಯಬೇಕಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದು ಒಪ್ಪಿತು. 2017ರಲ್ಲಿ ಕೇಂದ್ರ ಸರಕಾರ ತನ್ನ ಕಾಯ್ದೆಗೆ ತಿದ್ದುಪಡಿ ತಂದು, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆಯಿತು. ಕಲಘಟಗಿ ಕಡೆ ನನ್ನ ತವರಿನ ಹೊಲವಿದೆ. ಅಲ್ಲಿ ನಮ್ಮ ಅಣ್ಣನಿಗೆ ಬದುವಿಗೆ ಬಿದಿರು ಹಚ್ಚು ಎಂದರೆ ‘ಹಚ್ಚೂದು ಹಚ್ಚತೇನಿ, ನಾಳೆ ಕಡಿಯಾಕ ಯಾರ ಕಾಲ ಹಿಡೀಲಿ?’ ಎನ್ನುತ್ತಾರೆ. ಹಳೆಯ ಭಯ ರೈತನ ಮನಸ್ಸಿನಿಂದ ಇಳಿದಿಲ್ಲ. ಅದನ್ನು ಇಳಿಸುವುದು ಅರಣ್ಯ ಇಲಾಖೆ, ಕೃಷಿ ಇಲಾಖೆಗಳ ಕೆಲಸ. ಹಳ್ಳಿ ಹಳ್ಳಿಗೆ ಹೋಗಿ, ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಬರೆದು, ಏನು ಮಾಡಬಹುದು, ಯಾವ ಕಾಗದ ಬೇಕು, ಬೇಡ ಎಂದು ಸ್ಪಷ್ಟವಾಗಿ ಹೇಳಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ರೈತರು ಬರುತ್ತಾರೆ. ಟ್ರ್ಯಾಕ್ಟರ್, ಡ್ರೋನ್‌ಗಳ ಸಾಲಿನಲ್ಲಿ ಬುಟ್ಟಿಗೆ ಆಗುವ ಬಿದಿರಿನ ಸಸಿ ಮತ್ತು ಅದನ್ನು ಸೀಳಿ ತೋರಿಸುವ ಮೇದಾರರೊಬ್ಬರು, ಎರಡಕ್ಕೂ ಜಾಗ ಇರಲಿ.

ಇದನ್ನೆಲ್ಲ ಹೇಳಿದಾಗ ಸಿಗುವ ಉತ್ತರ ಒಂದೇ: ‘ತರಬೇತಿ ಕೊಡುತ್ತಿದ್ದೇವೆ.’ ನಾನು ಅಂಥದ್ದೊಂದು ತರಬೇತಿಯನ್ನು ನೋಡಲು ಹೋಗಿದ್ದೆ. ದೀಪದ ಬುರುಡೆಗೆ ಕವಚ, ಪೆನ್ನಿನ ಡಬ್ಬಿ, ಗೋಡೆಗೆ ತೂಗುಹಾಕುವ ಬೊಂಬೆ. ಕಲಿಸಿದ್ದು ಚೆನ್ನಾಗಿಯೇ ಇತ್ತು, ಕಲಿತವರ ಕೈಯೂ ಚುರುಕಾಗಿತ್ತು. ಮುಗಿದ ಮೇಲೆ ಪ್ರಮಾಣಪತ್ರ ಕೊಟ್ಟರು, ಬಿದಿರು ಕೊಡಲಿಲ್ಲ. ಪೆನ್ನಿನ ಡಬ್ಬಿಯನ್ನು ಒಬ್ಬರು ಒಂದು ಸಲ ಕೊಳ್ಳುತ್ತಾರೆ. ರೊಟ್ಟಿ ಬುಟ್ಟಿ ಸವೆಯುತ್ತದೆ, ಮತ್ತೆ ಕೊಳ್ಳಲೇಬೇಕು. ಮೊರ ಮದುವೆಗೆ ಬೇಕು, ಹಬ್ಬಕ್ಕೆ ಬೇಕು, ಕಾಳು ಬಂದಾಗ ಬೇಕು. ತಲೆಮಾರುಗಳಿಂದ ಗೊತ್ತಿರುವ ಕೆಲಸಕ್ಕೆ ಗಿರಾಕಿ ಇರುವಾಗ, ಗೊತ್ತಿಲ್ಲದ ಕೆಲಸ ಕಲಿಸಿ ಗಿರಾಕಿ ಹುಡುಕಲು ಕಳಿಸುವುದು ಯಾರ ಅನುಕೂಲಕ್ಕೆ? ಧಾರವಾಡ ಪೇಡೆಗೆ, ಕಸೂತಿಗೆ, ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ, ಅದು ನಮ್ಮ ಹೆಮ್ಮೆ. ಬುಟ್ಟಿಗೆ ಅಂಥ ಬಿರುದು ಈಗ ಸಿಕ್ಕರೂ ಅದನ್ನು ಹೆಣೆಯಲು ಬೊಂಬು ಬೇಕೇ ಬೇಕಲ್ಲ.

ಅಗ್ಗದ ಪ್ಲಾಸ್ಟಿಕ್ ಕೊಳ್ಳುವವರನ್ನು ನಾನು ದೂರುವುದಿಲ್ಲ. ದಿನಗೂಲಿಯ ಮನೆಯಾಕೆ ಬುಟ್ಟಿಯ ಮೂರನೇ ಒಂದು ಪಾಲಿಗೆ ಬಣ್ಣದ ಪ್ಲಾಸ್ಟಿಕ್ ಟಬ್ ಸಿಕ್ಕಾಗ ಅದನ್ನೇ ಒಯ್ಯುತ್ತಾಳೆ, ಒಯ್ಯಲಿ. ಆದರೆ ಆ ಟಬ್ ಒಡೆದ ಮೇಲೆ ಅದನ್ನು ಎತ್ತುವ, ಹೂಳುವ, ಸುಡುವ ಖರ್ಚು ಅದರ ಬೆಲೆಯಲ್ಲಿ ಸೇರಿಲ್ಲ. ಅದನ್ನು ಪಾಲಿಕೆ ಕೊಡುತ್ತದೆ, ಅಂದರೆ ನಾವೆಲ್ಲ ಕೊಡುತ್ತೇವೆ. ನಮ್ಮ ಹಳೆಯ ಬುಟ್ಟಿ ತಳ ಹರಿದರೆ ಒಲೆಗೆ ಹೋಗುತ್ತದೆ, ಬೂದಿ ಪಾತ್ರೆ ತೊಳೆಯಲು ಬರುತ್ತದೆ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧ ಬಂತು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ನಿಷೇಧದ ಫಲಕ ಹಾಕಿದವರು ಅದರ ಬದಲಿಗೆ ಏನು ಬಳಸಬೇಕು, ಅದು ಎಲ್ಲಿ ಸಿಗುತ್ತದೆ ಎಂದು ಬರೆದದ್ದನ್ನು ನಾನು ಕಂಡಿಲ್ಲ.

ಬುಟ್ಟಿ ಸ್ವಚ್ಛವಲ್ಲ ಎನ್ನುವ ಮಾತನ್ನೂ ಕೇಳಿದ್ದೇನೆ. ಒಮ್ಮೆ ತಪಾಸಣೆಗೆ ಬಂದವರೊಬ್ಬರು ಬುಟ್ಟಿ ತೆಗೆದು ಸ್ಟೀಲ್ ಡಬ್ಬಿ ಇಡಿ ಎಂದರು. ನಾನು ಅವರನ್ನು ಹಿತ್ತಲಿಗೆ ಕರೆದೊಯ್ದು ತೋರಿಸಿದೆ. ಕುದಿಯುವ ನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದ ಬುಟ್ಟಿಗಳ ಸಾಲು ಅಲ್ಲಿತ್ತು. ಒಂದು ಜೊತೆ ಒಣಗುವಾಗ ಇನ್ನೊಂದು ಜೊತೆ ಕೆಲಸದಲ್ಲಿರುತ್ತದೆ, ಅರಿವೆ ದಿನವೂ ಕುದಿಸಿ ಒಗೆದದ್ದು. ಒದ್ದೆ ಉಳಿದ ಬುಟ್ಟಿ ಕೆಡುತ್ತದೆ, ನಿಜ. ಒದ್ದೆ ಉಳಿದ ಸ್ಟೀಲ್ ಡಬ್ಬಿಯಲ್ಲಿಟ್ಟ ರೊಟ್ಟಿಯೂ ಕೆಡುತ್ತದೆ. ಸ್ವಚ್ಛತೆ ಇರುವುದು ತೊಳೆಯುವುದರಲ್ಲಿ. ಅವರು ತಲೆದೂಗಿ ಹೋದರು. ಎಲ್ಲ ಖಾನಾವಳಿಯವರಿಗೂ ಹೀಗೆ ವಾದಿಸುವ ಪುರುಸೊತ್ತು ಇರುವುದಿಲ್ಲ, ಅವರು ಡಬ್ಬಿ ಕೊಂಡುಬಿಡುತ್ತಾರೆ. ಅಲ್ಲಿಗೆ ಒಬ್ಬ ಖಾಯಂ ಗಿರಾಕಿ ಹೋದಂತೆ.

ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೇದ, ಮೇದಾರಿ, ಗೌರಿಗ, ಬುರುಡ ಎಂಬ ಹೆಸರುಗಳಿವೆ. ಆ ಪಟ್ಟಿಯಿಂದ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗಲಿ, ಹೋಗಬೇಕು. ಬುಟ್ಟಿ ಉಳಿಯಲಿ ಎಂದು ಯಾರ ಮಗುವನ್ನೂ ಬಿದಿರಿನ ಮುಂದೆ ಕೂರಿಸಬೇಕಿಲ್ಲ. ಆದರೆ ಈ ಕೆಲಸ ಮಾಡಿಯೇ ಬದುಕುತ್ತೇನೆ ಎನ್ನುವವರಿಗೆ ಅದರಲ್ಲಿ ಹೊಟ್ಟೆ ತುಂಬುವಂತಿರಬೇಕು. ಅವ್ವನ ಮೊಮ್ಮಗ ಕಾಲೇಜಿಗೆ ಹೋಗುತ್ತಾನೆ, ರಜೆಯಲ್ಲಿ ಪಕ್ಕದಲ್ಲಿ ಕೂತು ದಬ್ಬೆ ಸೀಳುತ್ತಾನೆ. ನೀನು ಇದನ್ನು ಮುಂದುವರಿಸುತ್ತೀಯಾ ಎಂದು ಕೇಳಿದರೆ, ‘ಬಿದರು ಸಿಕ್ರ, ಕೂಡಾಕ ಜಾಗಾ ಸಿಕ್ರ ಯಾಕ ಬಿಡೂದ್ರೀ ಅಕ್ಕಾರ’ ಎಂದ. ಮೂರು ಇಲಾಖೆಗಳ ಯೋಜನೆಗಿಂತ ಸರಳವಾದ ಬೇಡಿಕೆ ಅದು.

ಕೂರುವ ಜಾಗದ ಮಾತು ಬಂತಲ್ಲ. ಸಂತೆಯ ಮೂಲೆಯಲ್ಲಿ, ಗಟಾರದ ಅಂಚಿನಲ್ಲಿ, ತಲೆಯ ಮೇಲೆ ಹರಿದ ತಾಡಪತ್ರಿ ಕಟ್ಟಿಕೊಂಡು ಕೂತವರನ್ನು ಅತಿಕ್ರಮಣ ತೆರವು ಎಂದು ಎಬ್ಬಿಸುವುದು ಸುಲಭ. ಬೊಂಬು ಉದ್ದದ ಸಾಮಾನು. ಸೀಳಲು ಉದ್ದನೆಯ ಜಾಗ ಬೇಕು, ನೆನೆಸಲು ನೀರಿನ ತೊಟ್ಟಿ ಬೇಕು, ಹೆಣೆದದ್ದು ಮಳೆಗೆ ನೆನೆಯದಂತೆ ಸೂರು ಬೇಕು. ಮಾರುಕಟ್ಟೆ ನವೀಕರಣ ಎಂದು ಕಟ್ಟುವ ಹತ್ತಡಿಯ ಮಳಿಗೆಗಳಲ್ಲಿ ಈ ಕೆಲಸ ಹಿಡಿಸುವುದಿಲ್ಲ.

ಆದ್ದರಿಂದ ಪಾಲಿಕೆಗೆ ನನ್ನ ಒತ್ತಾಯ ಇಷ್ಟು. ಹುಬ್ಬಳ್ಳಿಯಲ್ಲೊಂದು, ಧಾರವಾಡದಲ್ಲೊಂದು ಕಡೆ ಸೂರಿರುವ ಉದ್ದನೆಯ ಕಟ್ಟೆ ಕಟ್ಟಿಸಿ, ನೀರಿನ ತೊಟ್ಟಿ ಮಾಡಿಸಿ, ಅಲ್ಲಿಯೇ ಅರಣ್ಯ ಇಲಾಖೆಯ ಬಿದಿರು ಮಾರಾಟಕ್ಕೂ ಜಾಗ ಕೊಡಿ. ಲಾರಿಗಟ್ಟಲೆ ಕೊಳ್ಳುವ ಗುತ್ತಿಗೆದಾರನಿಗೆ ಮಾತ್ರವಲ್ಲ, ಐದು ಬೊಂಬು ಕೊಳ್ಳುವ ಹೆಣ್ಣುಮಗಳಿಗೂ ಅಲ್ಲಿ ಚೀಟಿ ಹರಿಯಲಿ. ಕೊಳ್ಳುವ ಮಾತಿಗೆ ನಾವಿದ್ದೇವೆ. ಅವಳಿ ನಗರದಲ್ಲಿ ರೊಟ್ಟಿ ಮಾರಿ ಬದುಕುವ ಹೆಂಗಸರು ಓಣಿಗೊಬ್ಬರಾದರೂ ಇದ್ದಾರೆ, ಖಾನಾವಳಿಗಳಿವೆ, ದಿನವೂ ದಾಸೋಹ ನಡೆಯುವ ಮಠಗಳಿವೆ, ಕಲ್ಯಾಣ ಮಂಟಪಗಳಿವೆ. ವರ್ಷಕ್ಕೆ ಇಂತಿಷ್ಟು ಬುಟ್ಟಿ ಎಂದು ಮುಂಗಡ ಕೊಟ್ಟು ಬರೆಸಿಕೊಳ್ಳಲು ನಾನು ಮೊದಲು ಹೆಸರು ಕೊಡುತ್ತೇನೆ. ನನ್ನ ಪರಿಚಯದ ರೊಟ್ಟಿ ಮಾಡುವ ಹೆಂಗಸರೊಂದಿಗೆ ಮಾತಾಡಿದ್ದೇನೆ, ಅವರೂ ಸಿದ್ಧರಿದ್ದಾರೆ. ಬಿದಿರು ಕಡಿಯುವ ಕಾಲ ಮಳೆ ಮುಗಿದ ಮೇಲೆ ಶುರುವಾಗುತ್ತದೆ. ಎಳ್ಳಮವಾಸ್ಯೆಗೆ ಬುಟ್ಟಿ ಸಿದ್ಧವಾಗಬೇಕಾದರೆ ದೀಪಾವಳಿಯ ಹೊತ್ತಿಗೆ ಬೊಂಬು ಮೇದಾರರ ಕೈ ಸೇರಿರಬೇಕು.